ಸಾಕು ಎಂದ ಮೇಲೆ ಇನ್ನೊಂದು ಸೌಟು

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವಳು ನನ್ನ ಸ್ವಂತ ಅಕ್ಕ ಶಾಂತಾ. ಹುಬ್ಬಳ್ಳಿಯ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ನನ್ನ ಮುಖ ಕೂಡ ನೋಡದೆ ಹೇಳಿದಳು. ಎಸೆಸೆಲ್ಸಿಯ ಗಣಿತದಲ್ಲಿ ನಾನು ಎರಡನೆಯ ಸಲ ನಪಾಸಾದ ದಿನ ಅದು.

"ಸಾಕು ಬಿಡವಾ ಪಾರಿ. ಲೆಕ್ಕ ನಿನ್ನ ತಲಿಗೆ ಹತ್ತಂಗಿಲ್ಲ. ಡಿಗ್ರಿ ಗಿಗ್ರಿ ನಿನ್ನ ಕೈಲೆ ಆಗೂ ಮಾತಲ್ಲ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಎಂಟು. ತಾನು ಶಾಲೆ ಬಿಟ್ಟು ನನ್ನನ್ನು ಶಾಲೆಗೆ ಕಳಿಸಿದವಳು. ಎರಡು ಸಲ ಕಳಿಸಿದಳು, ಎರಡು ಸಲವೂ ನಾನು ಬರಿಗೈಲಿ ಬಂದೆ. ಮೂರನೆಯ ಸಲ ಕಳಿಸುವ ಶಕ್ತಿ ಅವಳಲ್ಲಿ ಇರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲದ್ದರಿಂದ, ಹತ್ತಿದರೆ ಏನಾಗುತ್ತದೆ ಎಂಬುದೂ ಯಾರಿಗೂ ಗೊತ್ತಿರಲಿಲ್ಲ.

ಆ ಡಿಗ್ರಿಗೆ ಅಲ್ಲಿಂದ ನಲವತ್ತೈದು ವರ್ಷ ಹಿಡಿಯಿತು. ಅದರಲ್ಲಿ ಹತ್ತೊಂಬತ್ತು ವರ್ಷ ನಾನು ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರದ ಕಡೆಯ ಒಂದು ನೂಡಲ್ ಅಂಗಡಿಯಲ್ಲಿ ನಿಂತೆ. ನಿಂತೆ ಎಂದೇ ಬರೆಯುತ್ತೇನೆ, ಏಕೆಂದರೆ ಅಲ್ಲಿ ಕೂರಲು ಜಾಗವಿರುವುದು ಗಿರಾಕಿಗಳಿಗೆ ಮಾತ್ರ. ಈಗ ಬರ್ಕ್ಲಿಯಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳು ಸಂಜೆ ಹೊತ್ತು ಇಂಥ ಅಂಗಡಿಗಳಿಗೆ ಕೆಲಸಕ್ಕೆ ಸೇರುತ್ತಾರೆ. ಹಬ್ಬಕ್ಕೆ ಸೇರಿದಾಗ, ಕೆಲಸ ಹೆಂಗಿರುತ್ತೆ ಆಂಟೀ ಎಂದು ಕೇಳುತ್ತಾರೆ. ಕಾಲು ನೋಯುತ್ತದೆ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ ಮಾತಲ್ಲ ಅದು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಬಡಾವಣೆಯ ಹೆಸರು ಸನ್‌ಸೆಟ್. ವರ್ಷದ ಬಹುಪಾಲು ಅಲ್ಲಿ ಸೂರ್ಯ ಮುಳುಗುವುದು ಯಾರಿಗೂ ಕಾಣುವುದಿಲ್ಲ. ಮಧ್ಯಾಹ್ನ ಮೂರಕ್ಕೇ ಸಮುದ್ರದಿಂದ ಮಂಜು ಎದ್ದು ಬಂದು ಟ್ರಾಮಿನ ತಂತಿಗಳನ್ನು ನುಂಗುತ್ತದೆ. ಬಾಗಿಲ ಬಳಿ ದಿನಕ್ಕೆ ನಾಲ್ಕು ಸಲ ಮರಳು ಗುಡಿಸಬೇಕು. ಹೊಸದಾಗಿ ಸೇರಿದವರ ಕೈಗೆ ಮೊದಲು ಬರುವುದು ಕಸಬರಿಗೆ. ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕೌಂಟರಿನ ಮುಂದೆ ಹನ್ನೆರಡು ಸ್ಟೂಲು, ಗೋಡೆಗೆ ಆನಿಸಿ ಮೂರು ಟೇಬಲು. ಸಂಜೆ ಐದಕ್ಕೆ ತೆರೆದರೆ ರಾತ್ರಿ ಒಂದರವರೆಗೆ. ಮೊದಲು ಬರುವವರು ಅಲೆಗಳ ಮೇಲೆ ಹಲಗೆ ಹಾಕಿ ಆಡಿ ಬಂದವರು, ತಲೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿರುತ್ತದೆ. ಆಮೇಲೆ ಸಂಸಾರಸ್ಥರು. ಕೊನೆಗೆ ಶಿಫ್ಟು ಮುಗಿಸಿದ ನರ್ಸುಗಳು, ಟ್ರಾಮಿನ ಡ್ರೈವರುಗಳು, ಬೇರೆ ಹೋಟೆಲುಗಳ ಅಡುಗೆಯವರು. ಅಡುಗೆಯವರು ಬಂದರೆ ಗುರುತು ಹಿಡಿಯುವುದು ಸುಲಭ. ಅವರು ಮೆನು ನೋಡುವುದಿಲ್ಲ, ಕೂತ ತಕ್ಷಣ ಬೂಟಿನ ಲಾಡಿ ಸಡಿಲಿಸುತ್ತಾರೆ.

ಯಜಮಾನರು ಕೆಂಜಿ ಎಂಬ ಜಪಾನಿ ಮನುಷ್ಯ, ನನಗಿಂತ ಹತ್ತು ವರ್ಷ ಹಿರಿಯರು. ಮಾತು ಕಡಿಮೆ. ಕೆಲಸ ಕೇಳಲು ಹೋದ ದಿನ, ಹಿಂದೆ ಏನು ಮಾಡಿದ್ದೀ ಎಂದು ಕೇಳಿದರು. ನಮ್ಮಪ್ಪ ಊರಿನ ಖಾನಾವಳಿಯಲ್ಲಿ ಊಟ ಬಡಿಸುವವನಾಗಿದ್ದ, ಹತ್ತನೆಯ ವಯಸ್ಸಿನಿಂದ ನಾನೂ ಸಾರಿನ ಬಕೀಟು ಹಿಡಿದು ಅವನ ಹಿಂದೆ ತಿರುಗಿದ್ದೇನೆ ಎಂದೆ. ಅದು ಅವರಿಗೆ ಹಿಡಿಸಿತು. ಆಮೇಲೆ, ನಾನು ಮಾಂಸ ಮುಟ್ಟಿದರೂ ಬಾಯಿಗೆ ಇಡುವುದಿಲ್ಲ ಎಂದೆ. ಅದು ಹಿಡಿಸಲಿಲ್ಲ. ಹಂದಿಯ ಎಲುಬನ್ನು ಇಡೀ ದಿನ ಕುದಿಸಿ ತೆಗೆದ ರಸವೇ ಆ ಅಂಗಡಿಯ ಜೀವ.

"ರುಚಿ ನೋಡದವಳನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡು ನಾನೇನು ಮಾಡಲಿ?" ಎಂದರು.

"ಮೂಸಿ ನೋಡುತ್ತೇನೆ," ಎಂದೆ.

ಬೇರೆ ಯಾರೂ ಸಿಗದೆ ಇದ್ದದ್ದರಿಂದ ನನ್ನನ್ನು ಇಟ್ಟುಕೊಂಡರು. ಆ ಹತ್ತೊಂಬತ್ತು ವರ್ಷದಲ್ಲಿ ಆ ರಸವನ್ನು ಒಂದು ಹನಿಯೂ ನಾನು ನಾಲಿಗೆಗೆ ಮುಟ್ಟಿಸಲಿಲ್ಲ, ಆದರೆ ಅದು ಯಾವಾಗ ಹದಕ್ಕೆ ಬಂತು ಎಂದು ಬಾಗಿಲಲ್ಲಿ ನಿಂತೇ ಹೇಳುವಷ್ಟಾದೆ. ಹಸಿ ರಸದ ವಾಸನೆ ಮೂಗಿನ ತುದಿಗೆ ಹೊಡೆಯುತ್ತದೆ, ಬೆಂದ ರಸದ್ದು ಗಂಟಲಿಗೆ ಇಳಿಯುತ್ತದೆ. ಗುಳ್ಳೆಯ ಸದ್ದೂ ಬೇರೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ರೈಲಿನ ಕೊನೆಯ ನಿಲ್ದಾಣವಾದ ಬೆರ್ರಿಯೆಸಾದಲ್ಲಿ ಮಗಳ ಮನೆಯಲ್ಲಿರುವ ಅಕ್ಕನಿಗೆ ಮಾತ್ರ ಈ ವಾಸನೆಯ ವಿದ್ಯೆ ಬೇಡವಾಗಿತ್ತು. ಅಮೆರಿಕಕ್ಕೆ ಮೊದಲು ಬಂದವಳೂ ಅವಳೇ, ಕಾಗದಪತ್ರ ಮಾಡಿಸಿ ನನ್ನ ಸಂಸಾರವನ್ನು ಕರೆಸಿಕೊಂಡವಳೂ ಅವಳೇ. ನಾನು ಕೆಲಸದ ಮರುದಿನ ಅವಳಲ್ಲಿಗೆ ಹೋದರೂ ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಮೊದ್ಲ ಮೈ ತೊಳಕೊ, ಆಮ್ಯಾಲ ಮಾತಾಡು," ಎನ್ನುತ್ತಿದ್ದಳು.

ನನ್ನ ಮುಖ್ಯ ಕೆಲಸ ಎರಡು. ನೂಡಲ್ ಬೇಯಿಸುವುದು, ಸಾಕೆ ಬಡಿಸುವುದು.

ನೂಡಲ್ ಕುದಿನೀರಿನಲ್ಲಿ ಇರಬೇಕಾದದ್ದು ಒಂದು ನಿಮಿಷಕ್ಕೂ ಕಡಿಮೆ. ಐದು ಸೆಕೆಂಡು ಹೆಚ್ಚಾದರೆ ಗಂಜಿ, ಕಡಿಮೆಯಾದರೆ ದಾರ. ಆಗ ನೂಡಲ್ ತುಂಬಿ ನೀರಿಗಿಳಿಸುವ ಆರು ತಂತಿಬುಟ್ಟಿಗೆ ಒಂದೇ ಗಡಿಯಾರ. ನಾನು ಗಡಿಯಾರ ನೋಡುತ್ತಿರಲಿಲ್ಲ. ಅಪ್ಪ ಕಲಿಸಿದ ಹದಿಮೂರರ ಮಗ್ಗಿಯನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಹತ್ತರವರೆಗೆ ಮುಗಿಸಿ, ಮತ್ತೆ ಐದರವರೆಗೆ ಬಂದರೆ ಬುಟ್ಟಿ ಎತ್ತಬೇಕು. ಕೆಂಜಿ ಒಂದು ದಿನ ಗಡಿಯಾರ ಹಿಡಿದು ಪರೀಕ್ಷಿಸಿದರು. ಮೂರು ಬುಟ್ಟಿಯೂ ಸರಿಯಾಗಿತ್ತು. ಅದೇನು ಮಂತ್ರ ಎಂದು ಕೇಳಿದರು. ಮಂತ್ರವಲ್ಲ, ಲೆಕ್ಕ ಎಂದೆ. ಲೆಕ್ಕದಲ್ಲಿ ಎರಡು ಸಲ ನಪಾಸಾದ ಕಥೆಯನ್ನು ಮಾತ್ರ ಹೇಳಲಿಲ್ಲ. ಮಗ್ಗಿ ನನಗೆ ಎಂದೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಅಂಕಿಗಳ ಜಾಗದಲ್ಲಿ ಅಕ್ಷರ ಬಂದು ಕೂತ ಮೇಲೆ. ಈಗ ತಾನಾಗಿ ಬುಟ್ಟಿ ಎತ್ತುವ ಯಂತ್ರ ಬಂದಿದೆ. ಅದು ಬಂದ ಮೇಲೂ ನನ್ನ ತುಟಿ ಅಲ್ಲಾಡುತ್ತಿತ್ತಂತೆ.

ಸಾಕೆಯ ಕಥೆ ಬೇರೆ. ಸಾಕೆ ಎಂದರೆ ಅಕ್ಕಿಯಿಂದ ಮಾಡಿದ ಮದ್ಯ. ಆ ಅಂಗಡಿಯ ಪದ್ಧತಿಯಲ್ಲಿ, ಒಂದು ಸಣ್ಣ ಮರದ ಡಬ್ಬಿಯೊಳಗೆ ಗಾಜಿನ ಲೋಟ ಇಟ್ಟು, ಗಿರಾಕಿಯ ಕಣ್ಣೆದುರಿಗೆ ಲೋಟ ತುಂಬಿ ಡಬ್ಬಿಯೊಳಕ್ಕೆ ಹರಿಯುವಂತೆ ಸುರಿಯಬೇಕು. ಹರಿದಷ್ಟು ಯಜಮಾನನ ಮನಸ್ಸು ದೊಡ್ಡದು. ಕುಡಿಯದ ಮನೆಯಿಂದ ಬಂದವಳಾದರೂ ಈ ಪದ್ಧತಿ ಮಾತ್ರ ನನಗೆ ನೋಡಿದ ತಕ್ಷಣ ಅರ್ಥವಾಯಿತು. ಅಪ್ಪನ ಖಾನಾವಳಿಯಲ್ಲಿ ಸಾರು ಬಡಿಸುತ್ತಿದ್ದದ್ದೂ ಹೀಗೆಯೇ.

ಅರ್ಥವಾಗದೆ ಹೋದದ್ದು ಹೆಸರು. ನಾಲ್ಕನೆಯ ದಿನ ನನ್ನನ್ನು ಕೌಂಟರಿಗೆ ನಿಲ್ಲಿಸಿದರು. ಸುರಿಯುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಬಡಿಸುವವರ ಮನೆಯ ಬಾಯಿ ಅದು. ಲೋಟ ಅರ್ಧವಾಗುತ್ತಿದ್ದಂತೆ ಅಭ್ಯಾಸಬಲದಿಂದ, "ಸಾಕಾ?" ಎಂದೆ. ಗಿರಾಕಿ ಖುಷಿಯಿಂದ ತಲೆಯಾಡಿಸಿ, "ಯೆಸ್, ಸಾಕಿ," ಎಂದ. ಇಲ್ಲಿಯವರ ಬಾಯಲ್ಲಿ ಸಾಕೆ ಹಾಗಾಗುತ್ತದೆ. ಸಾಕಂತೆ ಎಂದುಕೊಂಡು ಬಾಟಲಿ ಎತ್ತಿದೆ. ಪಕ್ಕದವನಿಗೆ ಸುರಿದು, "ಸಾಕಾ?" ಎಂದೆ. "ಸಾಕಿ, ಯೆಸ್ ಪ್ಲೀಸ್." ಅವನಿಗೂ ಅರ್ಧ ಲೋಟ. ಇವರೆಷ್ಟು ಮಿತವಾಗಿ ಕುಡಿಯುವ ಜನ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಹನ್ನೊಂದು ಜನಕ್ಕೆ ಹಾಗೆ ಸುರಿದ ಮೇಲೆ ಕೆಂಜಿ ನನ್ನನ್ನು ಒಳಗೆ ಕರೆದರು. ನನ್ನ ಅಂಗಡಿಯಲ್ಲಿ ಇಷ್ಟು ಜಿಪುಣತನ ಯಾರು ಕಲಿಸಿದರು ಎಂದು ಮೆಲ್ಲಗೆ ಕೇಳಿದರು. ಮೆಲ್ಲಗೆ ಮಾತಾಡಿದರೆ ಅವರಿಗೆ ಬಹಳ ಸಿಟ್ಟು ಬಂದಿದೆ ಎಂದು ಅರ್ಥ. ನಮ್ಮ ಭಾಷೆಯಲ್ಲಿ ಆ ಮಾತಿಗೆ ಏನರ್ಥ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಅವರು ಗೋಡೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲವಂತೆ.

ಆ ಮಾತು ಅಂಗಡಿಯಲ್ಲಿ ಉಳಿದುಕೊಂಡಿತು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಗ್ಲೆನ್. ಮನೆಗಳ ಚಾವಣಿ ಹೊದಿಸುವ ಕೆಲಸ ಮಾಡಿ ನಿವೃತ್ತನಾದವನು, ಹೆಂಡತಿಯನ್ನು ಕಳೆದುಕೊಂಡವನು, ಎಪ್ಪತ್ತರ ಆಸುಪಾಸು. ನಾಲ್ಕು ಬೀದಿ ಆಚೆ ಅವನ ಮನೆ. ವಾರಕ್ಕೆ ಮೂರು ದಿನ ಬಂದು ಗೋಡೆಯ ಪಕ್ಕದ ಕೊನೆಯ ಸ್ಟೂಲಿನಲ್ಲಿ ಕೂರುತ್ತಿದ್ದ. ಎರಡು ಲೋಟ, ಒಂದು ಬಟ್ಟಲು ನೂಡಲ್. ಎರಡನೆಯದು ಮುಗಿದ ಮೇಲೆ ಅಂಗೈಯನ್ನು ಲೋಟದ ಮೇಲೆ ಮುಚ್ಚಿ, "ಸಾಕು, ಪಾರು," ಎನ್ನುತ್ತಿದ್ದ. ಹುಬ್ಬಳ್ಳಿಯವನ ಹಾಗೇ ಹೇಳುತ್ತಿದ್ದ. ಇಡೀ ಸಂಜೆಯಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಒಂದೇ ಒಂದು ಕನ್ನಡ ಮಾತು ಅದು. ಮನೆಗೆ ಹೋದರೆ ನನ್ನ ಗಂಡ ಮೌಂಟನ್ ವ್ಯೂ ಊರಿನ ಒಂದು ಕಂಪನಿಯ ಶಟಲ್ ಬಸ್ಸು ಓಡಿಸಲು ನಾಲ್ಕಕ್ಕೆ ಏಳಬೇಕೆಂದು ಮಲಗಿರುತ್ತಿದ್ದರು. ಮಗಳು ಸ್ಮಿತಾ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ.

ಓದು ಶುರುವಾದದ್ದು ಬೆಳಗಿನ ಹೊತ್ತು ಖಾಲಿ ಇದ್ದದ್ದರಿಂದ. ಮೊದಲು ದೊಡ್ಡವರ ಶಾಲೆಯಲ್ಲಿ ಹೈಸ್ಕೂಲಿಗೆ ಸಮನಾದ ಪರೀಕ್ಷೆ, ಆಮೇಲೆ ಇಲ್ಲಿನ ಎರಡು ವರ್ಷದ ಕಾಲೇಜು. ಎರಡು ವರ್ಷದ್ದನ್ನು ನಾನು ಏಳು ವರ್ಷ ಮಾಡಿದೆ. ವಿಷಯ ಸಮಾಜಶಾಸ್ತ್ರ. ಪುಸ್ತಕವನ್ನು ಟ್ರಾಮಿನಲ್ಲಿ ನಿಂತು ಓದುತ್ತಿದ್ದೆ, ಕೂತರೆ ನಿದ್ದೆ ಬರುತ್ತಿತ್ತು. ದೊಡ್ಡ ಯೂನಿವರ್ಸಿಟಿಗೆ ಸೇರಿದ ಮೇಲೂ ಒಂದು ಸಲಕ್ಕೆ ಒಂದೇ ಕ್ಲಾಸು. ಅಕ್ಕನಿಗೆ ಹೇಳಿದರೆ, "ಈ ವಯಸ್ಸಿನಾಗ ಯಾರ ಮನಿ ಉದ್ಧಾರ ಮಾಡಾಕ?" ಎನ್ನುತ್ತಿದ್ದಳು. ಕೊನೆಗೆ ಒಂದೇ ಕ್ಲಾಸು ಉಳಿಯಿತು. ಸಂಖ್ಯಾಶಾಸ್ತ್ರ. ಅದು ತಾನಾಗಿ ಉಳಿದದ್ದಲ್ಲ, ಅಂಕಿಗಳ ಜಾಗದಲ್ಲಿ ಅಕ್ಷರ ಕೂರುವ ವಿಷಯ ಎಂದು ಹೆದರಿ ನಾನೇ ಹಿಂದೆ ಹಾಕುತ್ತ ಬಂದದ್ದು. ಅದೊಂದು ಪಾಸಾದರೆ ಡಿಗ್ರಿ, ಇಲ್ಲವಾದರೆ ಅಷ್ಟೂ ವರ್ಷ ನೀರಿನಲ್ಲಿ ಹೋಮ.

ಈಗ ಬರೆಯುವುದು ನನ್ನ ದೊಡ್ಡ ತಪ್ಪಿನ ವಿಷಯ. ಹೊಸಬರು ಬೇರೇನನ್ನು ಬಿಟ್ಟರೂ ಇದನ್ನು ಓದಿ.

ಅಪ್ಪನ ಖಾನಾವಳಿಯಲ್ಲಿ ಒಂದು ನಿಯಮವಿತ್ತು. ಊಟಕ್ಕೆ ಕೂತವನು ಸಾಕು ಎಂದ ಮೇಲೆ ಇನ್ನೊಂದು ಸೌಟು ಬಡಿಸಬೇಕು. ನಾನು ಚಿಕ್ಕವಳಿದ್ದಾಗ ಒಮ್ಮೆ, ಸಾಕು ಎಂದವನನ್ನು ದಾಟಿ ಮುಂದೆ ಹೋದೆ. ಅಪ್ಪ ನನ್ನನ್ನು ಹಿಂದಕ್ಕೆ ಕರೆದ. "ಸಾಕು ಅನ್ನಾಂವ ಹೊಟ್ಟಿ ನೋಡ್ಕೊಂಡು ಅನ್ನಂಗಿಲ್ಲವಾ, ಮರ್ಯಾದಿ ನೋಡ್ಕೊಂಡು ಅಂತಾನ. ಹಾಕು ಇನ್ನೊಂದು ಸೌಟು." ಈ ಮಾತು ನನ್ನ ಕೈಯೊಳಗೇ ಕೂತಿತ್ತು.

ಅದೊಂದು ಭಾನುವಾರ. ಸಂಖ್ಯಾಶಾಸ್ತ್ರದ ಮಧ್ಯದ ಪರೀಕ್ಷೆಯಲ್ಲಿ ನನಗೆ ಬಿ ಬಂದಿತ್ತು. ಗಣಿತದ ಹೆಸರಿನಲ್ಲಿ ಜನ್ಮದಲ್ಲಿ ಸಿಕ್ಕ ಮೊದಲ ಒಳ್ಳೆಯ ಗ್ರೇಡು. ಮಂಗಳವಾರ ಕೊನೆಯ ಪರೀಕ್ಷೆಯಿತ್ತು. ಬಿ ಬಂದದ್ದನ್ನು ಗ್ಲೆನ್‌ಗೆ ಹೇಳಿದೆ. ಅವನು ಲೋಟ ಎತ್ತಿ ನನ್ನ ಹೆಸರು ಹೇಳಿದ. ಎರಡನೆಯ ಲೋಟ ಮುಗಿಯಿತು. ಎಂದಿನ ಹಾಗೆ ಅಂಗೈ ಮುಚ್ಚಿ, "ಸಾಕು, ಪಾರು," ಎಂದ. ನಾನು ನಕ್ಕು, ನಮ್ಮ ಕಡೆ ಸಾಕು ಎಂದ ಮೇಲೇ ಒಂದು ಬಡಿಸುವುದು ಎಂದೆ. ಅವನ ಕೈಯನ್ನು ಲೋಟದ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, ಡಬ್ಬಿ ತುಂಬಿ ಹೊರಕ್ಕೆ ಹರಿಯುವಷ್ಟು ಸುರಿದೆ. ಅವನು ಒಂದು ಗಳಿಗೆ ಲೋಟವನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಕುಡಿದ. ನನ್ನ ಮರ್ಯಾದೆಗಾಗಿ ಕುಡಿದ.

ಎಂಟೂವರೆಗೆ ಎದ್ದು ಹೋದವನು ಎಂದಿನಂತೆ ನೀರು ನೋಡಿ ಬರಲು ದಂಡೆಗೆ ಇಳಿದಿದ್ದಾನೆ. ಕಲ್ಲಿನ ಮೆಟ್ಟಿಲ ಮೇಲೆ ಮರಳು, ಮಂಜಿನ ತೇವ. ಬಿದ್ದು ಸೊಂಟ ಮುರಿಯಿತು. ಬೆಳಿಗ್ಗೆ ನಾಯಿ ತಿರುಗಿಸಲು ಬಂದವರು ನೋಡುವವರೆಗೆ ಅಲ್ಲೇ ಬಿದ್ದಿದ್ದ.

ಆ ಮೆಟ್ಟಿಲ ಮೇಲೆ ಯಾರಾದರೂ ಬೀಳಬಹುದು ಎಂದು ಎಲ್ಲರೂ ಹೇಳಿದರು. ಕೆಂಜಿ ಹಾಗೆ ಹೇಳಲಿಲ್ಲ. ಸೋಮವಾರ ಸಂಜೆ ನಾನು ಅಂಗಡಿಗೆ ಬಂದಾಗ ಅವರು ಮರದ ಡಬ್ಬಿಗಳನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ಪೆಟ್ಟಿಗೆಗೆ ತುಂಬುತ್ತಿದ್ದರು. ಅವತ್ತಿನಿಂದ ಡಬ್ಬಿ ಇಲ್ಲ, ಲೋಟದ ಗೆರೆಯವರೆಗೆ ಮಾತ್ರ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬೈಯಲಿಲ್ಲ. ಬಹಳ ಮೆಲ್ಲಗೆ ಹೇಳಿದರು:

"ಅವನು ನಿನಗೆ ಹೇಳಿದ್ದ. ನಿನ್ನ ಭಾಷೆಯಲ್ಲೇ ಹೇಳಿದ್ದ."

ಮಂಗಳವಾರ ಪರೀಕ್ಷೆಗೆಂದು ಬಸ್ಸು ಹತ್ತಿದೆ. ಯೂನಿವರ್ಸಿಟಿಯ ಸ್ಟಾಪು ಬಂತು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದೆ. ಆ ಕ್ಲಾಸು ಹೋಯಿತು. ಅಕ್ಕನಿಗೆ ಹೇಳಿದಾಗ, ನಾ ಹೇಳಿರಲಿಲ್ಲೇನ ಎನ್ನುತ್ತಾಳೆ ಎಂದು ಕಾದೆ. ಅವಳು ಮಜ್ಜಿಗೆ ತಂದಿಟ್ಟು, "ಆತು ಬಿಡವಾ. ಸಾಕಿನ್ನ," ಎಂದಳು. ಕರುಣೆಯಿಂದ ಹೇಳಿದ ಆ ಸಾಕು, ಹಿತ್ತಲಲ್ಲಿ ಹೇಳಿದ ಸಾಕಿಗಿಂತ ಭಾರವಾಗಿತ್ತು.

ಆಮೇಲಿನ ಎರಡು ಮೂರು ವರ್ಷ ಹೇಗೆ ಹೋದವೋ. ಮಹಾಮಾರಿ ಬಂತು. ಸ್ಟೂಲುಗಳನ್ನು ತಲೆಕೆಳಗಾಗಿ ಕೌಂಟರಿನ ಮೇಲೆ ಇಟ್ಟೆವು. ಕಿಟಕಿಯಿಂದ ಪೊಟ್ಟಣ ಕೊಡುವುದು, ರಸ ಒಂದು ಡಬ್ಬಕ್ಕೆ, ನೂಡಲ್ ಒಂದು ಡಬ್ಬಕ್ಕೆ. ಮನೆಗೆ ಹೋಗಿ ಕೂಡಿಸಿಕೊಂಡು ತಿನ್ನುವ ನೂಡಲ್ ನೂಡಲ್ಲೇ ಅಲ್ಲ ಎಂದು ಕೆಂಜಿ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದರು. ಮೊದಲು ಗಿರಾಕಿ ಹೇಳಿದ್ದನ್ನು ನಾವು ಕೂಗಿ ಅಡುಗೆಮನೆಗೆ ಮುಟ್ಟಿಸುತ್ತಿದ್ದೆವು, ಆಮೇಲೆ ಫೋನಿನಿಂದ ಬಂದ ಚೀಟಿಯನ್ನು ಯಂತ್ರ ಉಗುಳತೊಡಗಿತು. ಮುಖವಿಲ್ಲದವರಿಗೆ ಅಡುಗೆ ಮಾಡುವುದು ಬಹಳ ಆಯಾಸದ ಕೆಲಸ. ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತೇ ಆಗುವುದಿಲ್ಲ. ಆ ದಿನಗಳಲ್ಲಿ ಕೈ ಖಾಲಿ ಇದ್ದಾಗ ನಾನು ಎಳ್ಳು ಹುರಿದು, ಬೆಳ್ಳುಳ್ಳಿ ಸುಟ್ಟು, ಎರಡನ್ನೂ ಕಲ್ಲಿನಲ್ಲಿ ಅರೆದು, ಅಣಬೆಯ ರಸಕ್ಕೆ ಕೂಡಿಸಿ ಸಸ್ಯಾಹಾರಿ ಬಟ್ಟಲು ಒಂದನ್ನು ಮಾಡಿದೆ. ಕೊನೆಗೂ ನಾನು ನಾಲಿಗೆಗೆ ಹಾಕಿ ನೋಡಬಹುದಾದ ಒಂದು ರಸ. ಕೆಂಜಿ ಮೂರು ಚಮಚ ಕುಡಿದು ಮೆನುವಿಗೆ ಸೇರಿಸಿದರು.

ಅಂಗಡಿ ಮತ್ತೆ ತೆರೆದ ಮೇಲೆ ಸರ್ಕಾರದಿಂದ ಹೊಸ ನಿಯಮ ಬಂತು. ಮದ್ಯ ಸುರಿಯುವವರೆಲ್ಲ ತರಬೇತಿ ಪಡೆದು ಪರೀಕ್ಷೆ ಬರೆಯಬೇಕು. ಯಾರಿಗೆ ಯಾವಾಗ ನಿಲ್ಲಿಸಬೇಕು ಎಂಬುದೇ ಅದರ ವಿಷಯ. ಕಣ್ಣು ಕೆಂಪಾಗುವುದು, ಮಾತು ತೊದಲುವುದು, ದನಿ ಏರುವುದು. ಎಲ್ಲಕ್ಕೂ ಸರಿ ಉತ್ತರ ಬರೆದೆ. ಪ್ರಶ್ನೆಗಳಲ್ಲಿ ಒಂದು ಲಕ್ಷಣ ಮಾತ್ರ ಇರಲಿಲ್ಲ: ಎದುರಿಗಿದ್ದವನು ತಾನೇ ಸಾಕು ಎನ್ನುವುದು. ಅದನ್ನು ನಾನು ಇಲ್ಲಿ ಬರೆಯುತ್ತೇನೆ. ಮರ್ಯಾದೆಗೆ ಸಾಕು ಎನ್ನುವವನ ಕೈ ಬಟ್ಟಲಿನ ಮೇಲೆ ಗಾಳಿಯಲ್ಲಿ ನಿಲ್ಲುತ್ತದೆ, ಬಟ್ಟಲನ್ನು ಮುಟ್ಟುವುದಿಲ್ಲ. ನಿಜವಾಗಿ ಸಾಕಾದವನ ಕೈ ಬಟ್ಟಲನ್ನು ಮುಟ್ಟಿಕೊಂಡು ಕೂರುತ್ತದೆ. ಗ್ಲೆನ್‌ನ ಅಂಗೈ ಲೋಟದ ಅಂಚಿಗೆ ಒತ್ತಿಕೊಂಡಿತ್ತು. ಎತ್ತುವಾಗ ಅವನ ಚರ್ಮದ ಮೇಲೆ ದುಂಡನೆಯ ಗುರುತು ಕಂಡಿತ್ತು. ಅಪ್ಪನಿಗೆ ಈ ಎರಡು ಕೈಗಳ ವ್ಯತ್ಯಾಸ ಗೊತ್ತಿದ್ದಿರಬೇಕು. ನಾನು ಅವನ ಮಾತು ಕಲಿತೆ, ಅವನ ಕಣ್ಣು ಎಲ್ಲಿ ನೋಡುತ್ತಿತ್ತು ಎಂಬುದನ್ನು ಕಲಿಯಲಿಲ್ಲ.

ಗ್ಲೆನ್ ಒಂದು ದಿನ ಬಂದ. ನಾಲ್ಕು ಕಾಲಿನ ಊರುಗೋಲು ನೂಕಿಕೊಂಡು ಬಂದ. ಕೊನೆಯ ಸ್ಟೂಲು ಅವನಿಗೆ ಈಗ ಎತ್ತರ. ಟೇಬಲಿಗೆ ಕೂತು, ಬಾರ್ಲಿ ಚಹಾ ಮತ್ತು ನನ್ನ ಎಳ್ಳಿನ ಬಟ್ಟಲು ಹೇಳಿದ. ನಾನು ತಂದಿಟ್ಟು ಅಲ್ಲೇ ನಿಂತೆ. ಎಷ್ಟೋ ದಿನ ಕನ್ನಡಿಯೆದುರು ಹೇಳಿ ಅಭ್ಯಾಸ ಮಾಡಿದ್ದ ಕ್ಷಮೆಯ ಮಾತು ಶುರು ಮಾಡುವಷ್ಟರಲ್ಲಿ ಅವನೇ ಕೇಳಿದ.

"ಆ ಲೆಕ್ಕದ ಕ್ಲಾಸು ಏನಾಯಿತು?"

ಬಿಟ್ಟೆ ಎಂದೆ.

"ಯಾವಾಗ?"

ನೀನು ಬಿದ್ದ ವಾರ ಎಂದೆ.

ಅವನು ಬಾಯಲ್ಲಿದ್ದ ನೂಡಲ್ ಎಳೆದು ಮುಗಿಸಿದ. ಆಮೇಲೆ ಬಾಯಿ ಒರೆಸಿಕೊಂಡು, "ನನ್ನ ಸೊಂಟದ ಮೇಲೆ ನಿನ್ನ ನೆಪ ಹೊರಿಸಬೇಡ, ಪಾರು. ಅದಕ್ಕೆ ಈಗಾಗಲೇ ಎರಡು ಮೊಳೆ ಹೊಡೆದಿದ್ದಾರೆ," ಎಂದ.

ನಾನು ಅಡುಗೆಮನೆಗೆ ಹೋಗಿ ನೀರು ಕುದಿಯುವುದನ್ನು ನೋಡುತ್ತ ನಿಂತೆ. ಮುಂದಿನ ಸೆಮಿಸ್ಟರಿನಲ್ಲಿ ಅದೇ ಕ್ಲಾಸಿಗೆ ಹೆಸರು ಬರೆಸಿದೆ.

ಪಾಸಾದದ್ದು ಸುಲಭವಾಗಿ ಎಂದು ಯಾರೂ ತಿಳಿಯಬೇಡಿ. ಸ್ಮಿತಾ ಪ್ರತಿ ಭಾನುವಾರ ಕೂತು ಹೇಳಿಕೊಟ್ಟಳು. "ಮಾಮ್, ಇಟ್ಸ್ ಜಸ್ಟ್ ಕೌಂಟಿಂಗ್," ಎನ್ನುತ್ತಿದ್ದಳು. ಎಣಿಸುವುದು ನನಗೆ ಬರುತ್ತದೆ ಕಣೆ, ಎಣಿಸಿದ್ದರ ಬಗ್ಗೆ ಬರೆಯುವುದು ಬರುವುದಿಲ್ಲ ಎನ್ನುತ್ತಿದ್ದೆ. ಮಣಿಕಟ್ಟು ಅಷ್ಟರಲ್ಲಿ ಸೋತಿತ್ತು. ನೂಡಲಿನ ಬುಟ್ಟಿ ಝಾಡಿಸಿ ಝಾಡಿಸಿ ನರ ಉಬ್ಬಿ, ಪೆನ್ನು ಹಿಡಿದರೂ ನೋವು. ಸಿ ಬಂತು. ಬರೀ ಸಿ. ಆ ಅಕ್ಷರವನ್ನು ನಾನು ಕೆಂಜಿಗೆ ತೋರಿಸಿದೆ, ಗ್ಲೆನ್‌ಗೆ ತೋರಿಸಿದೆ, ಟ್ರಾಮಿನ ಡ್ರೈವರಿಗೂ ತೋರಿಸಿದೆ. ಅದೇ ತಿಂಗಳು ಕೆಲಸ ಬಿಟ್ಟೆ. ಮಂಡಿ, ಮಣಿಕಟ್ಟು ಎರಡೂ ಒಟ್ಟಿಗೆ ರಾಜೀನಾಮೆ ಕೊಟ್ಟಿದ್ದವು. ಹೊರಡುವ ದಿನ ಕೆಂಜಿ ಆ ಪೆಟ್ಟಿಗೆ ತೆರೆದು ಒಂದು ಮರದ ಡಬ್ಬಿ ಕೊಟ್ಟರು. ಈಗ ಅದರಲ್ಲಿ ಉಪ್ಪು ಇಟ್ಟಿದ್ದೇನೆ.

ಪದವಿ ಸಮಾರಂಭಕ್ಕೆ ಅಕ್ಕ ಬಂದಳು. ಎಪ್ಪತ್ತು ವರ್ಷದ ಮಂಡಿ ಹಿಡಿದುಕೊಂಡು, ಬೆರ್ರಿಯೆಸಾದಿಂದ ರೈಲು ಹತ್ತಿ, ಜರಿಸೀರೆ ಉಟ್ಟು ಬಂದಳು. ಕಪ್ಪು ನಿಲುವಂಗಿಯಲ್ಲಿ ನನ್ನನ್ನು ನೋಡಿ, ವಕೀಲರ ಹಂಗ ಕಾಣ್ತಿ ಎಂದಳು. ವೇದಿಕೆಯ ಮೇಲೆ ಹೆಸರು ಕೂಗಿದರು, ತಪ್ಪಾಗಿ ಕೂಗಿದರು, ಕೈಗೆ ಒಂದು ದಪ್ಪ ಹೊದಿಕೆಯ ಫೋಲ್ಡರು ಕೊಟ್ಟರು. ನಾನು ಇಳಿದು ಬಂದು ನೇರವಾಗಿ ಅಕ್ಕನ ಕೈಗೆ ಕೊಟ್ಟೆ. ಅವಳು ಕನ್ನಡಕ ಏರಿಸಿ ಬಿಡಿಸಿದಳು. ಒಳಗೆ ಏನೂ ಇರಲಿಲ್ಲ. ಈ ದೇಶದಲ್ಲಿ ಅವತ್ತು ಕೊಡುವುದು ಬರೀ ಹೊದಿಕೆ, ಪ್ರಮಾಣಪತ್ರ ತಿಂಗಳುಗಳ ನಂತರ ಅಂಚೆಯಲ್ಲಿ ಬರುತ್ತದೆ. ನನಗೂ ಅದು ಗೊತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಯಾರಿಗೆ ತಾನೆ ಗೊತ್ತಿರಬೇಕು?

"ಖಾಲಿ ಐತಲ್ಲವಾ," ಎಂದಳು ಅಕ್ಕ. ಸ್ಮಿತಾ ಓಡಿ ಬಂದು ವಿವರಿಸಿದಳು. ಅಕ್ಕ ತಲೆಯಾಡಿಸಿದಳು, ನಂಬಲಿಲ್ಲ. ರೈಲಿನಲ್ಲಿ ಹಿಂದಿರುಗುವಾಗ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಎಸೆಸೆಲ್ಸಿ ರಿಸಲ್ಟಿನ ದಿನ ರಾತ್ರಿ ಕೂತಿದ್ದ ಹಾಗೆ.

ಪ್ರಮಾಣಪತ್ರ ಕಳೆದ ತಿಂಗಳು ಬಂತು. ಬಾಗದಂತೆ ರಟ್ಟು ಇಟ್ಟು ಕಳಿಸಿದ್ದರು. ನಾನು ಅದನ್ನು ಒಡೆಯದೆ ಹಾಗೇ ತೆಗೆದುಕೊಂಡು ಬೆರ್ರಿಯೆಸಾಕ್ಕೆ ಹೋದೆ. ಹೊಸ್ತಿಲಲ್ಲಿ ಅಭ್ಯಾಸದಿಂದ ನಿಂತೆ. ಅಕ್ಕ ಮೂಸಿ ನೋಡಿ, "ಬಾ ಒಳಗ. ಈಗೇನೂ ನಾರಂಗಿಲ್ಲ," ಎಂದಳು. ಅಡುಗೆಮನೆಯ ಟೇಬಲಿನ ಹತ್ತಿರ ಕೂತು ಅವಳೇ ಚಾಕುವಿನಿಂದ ಲಕೋಟೆ ಬಿಡಿಸಿದಳು. ಪತ್ರವನ್ನು ಅವಳ ಎರಡೂ ಕೈಗೆ ಕೊಟ್ಟೆ. ಇಂಗ್ಲಿಷು ಅವಳಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಬೆರಳಿಟ್ಟು ನನ್ನ ಹೆಸರನ್ನು ಓದಿದಳು. ಹೆಸರಿನ ಪಕ್ಕದಲ್ಲಿ ಅಪ್ಪನ ಹೆಸರಿತ್ತು, ನಾನು ಎಲ್ಲ ಕಾಗದಗಳಲ್ಲೂ ಅದನ್ನು ಬಿಡದೆ ಬರೆಸಿದ್ದೆ. ಅಲ್ಲಿಗೆ ಬಂದಾಗ ಬೆರಳು ನಿಂತಿತು. ಪತ್ರವನ್ನು ನಮ್ಮಿಬ್ಬರ ನಡುವೆ ಇಟ್ಟು, "ಮುಂದೇನ?" ಎಂದಳು.

"ಸಾಕಕ್ಕಾ," ಎಂದೆ. "ದಣದೀನಿ. ಇನ್ನ ಸಾಕು."

ಹೇಳುತ್ತ ಕೈ ಎತ್ತಿದ್ದೆನೆಂದು ಕಾಣುತ್ತದೆ. ಕೈ ಪತ್ರದ ಮೇಲೆ ಗಾಳಿಯಲ್ಲಿ ನಿಂತಿತ್ತು. ಅಕ್ಕ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಅವಳೂ ಅದೇ ಅಪ್ಪನ ಮಗಳು, ಅದೇ ಸಾರಿನ ಬಕೀಟು ನನಗಿಂತ ಮೊದಲು ಹಿಡಿದವಳು.

"ಸಾಕು ಅಂತಿ," ಎಂದಳು. "ಹೊಟ್ಟಿ ತುಂಬಿ ಅಂತೀಯೋ ಪಾರಿ, ಮರ್ಯಾದಿಗೆ ಅಂತೀಯೋ?"